‘ವೈ’ ಎಂಬ ಪೈಪೋಟಿಯ ಕ್ರಿಯಾಪದ: ಅರ್ಥ, ಉಚ್ಚಾರ, ಬಳಕೆ

ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟ ತೆರೆಯಿರಿ, ಚುನಾವಣೆಯ ವರದಿ ಓದಿ, ಕಂಪನಿಗಳ ಖರೀದಿ-ಮಾರಾಟದ ಸುದ್ದಿ ನೋಡಿ. ಎಲ್ಲೋ ಒಂದು ಕಡೆ ‘ವೈಯಿಂಗ್ ಫಾರ್’ ಎಂಬ ಜೋಡಿ ಸಿಕ್ಕೇ ಸಿಗುತ್ತದೆ. ಇದರ ಮೂಲರೂಪ ‘ವೈ’. ಇರುವುದು ಮೂರೇ ಅಕ್ಷರ: ವಿ, ಐ, ಇ. ಓದುವಾಗ ಸಂದರ್ಭ ನೋಡಿ ಅರ್ಥ ಊಹಿಸಿಕೊಂಡು ಮುಂದೆ ಹೋಗಬಹುದು. ಬರೆಯಲು ಕೂತಾಗ ಮಾತ್ರ ಕೈ ತಡೆಯುತ್ತದೆ. ‘ಐಎನ್‌ಜಿ’ ಸೇರಿದರೆ ಕಾಗುಣಿತವೇ ಬದಲಾಗುತ್ತದೆ, ಮುಂದೆ ಫಾರ್ ಹಾಕಬೇಕೋ ವಿತ್ ಹಾಕಬೇಕೋ ಗೊತ್ತಾಗುವುದಿಲ್ಲ, ಬಾಯಲ್ಲಿ ಹೇಳಿದರೆ ಕೇಳಿದವರಿಗೆ ‘ಏಕೆ’ ಎಂದಂತೆ ಕೇಳಿಸುತ್ತದೆ. ಇವನ್ನು ಒಂದೊಂದಾಗಿ ಬಿಡಿಸಿಕೊಳ್ಳೋಣ.

ಅರ್ಥ: ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ

ನಿಘಂಟು ತೆಗೆದರೆ ‘ಸ್ಪರ್ಧಿಸು, ಪೈಪೋಟಿ ನಡೆಸು, ಸೆಣಸು’ ಎಂದಿರುತ್ತದೆ. ತಪ್ಪಿಲ್ಲ, ಆದರೆ ಸಾಲದು. ‘ವೈ’ಯೊಳಗೆ ಕೊರತೆಯ ಸೂಚನೆಯೊಂದು ಇದೆ. ಬೇಕಾದವರು ಹಲವರು, ಇರುವುದು ಒಂದೇ, ಅಥವಾ ಎಲ್ಲರಿಗೂ ಸಾಲದಷ್ಟು. ಅದು ನಮಗೇ ದಕ್ಕಲಿ ಎಂದು ಒಬ್ಬರಿಗಿಂತ ಒಬ್ಬರು ಮುಂದಾಗುವುದೇ ‘ವೈ’. ಒಂದು ಹುದ್ದೆ, ಒಂದು ಪ್ರಶಸ್ತಿ, ನೋಡುವವರ ಗಮನ, ನಿಲ್ಲಲು ಜಾಗ, ಅಧಿಕಾರ ಇಂಥವೇ ಇದರ ಗುರಿಗಳು.

ಪದವನ್ನು ಬಳಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಎದುರಾಳಿ ಇದ್ದಾರೆಯೇ? ಎಲ್ಲರಿಗೂ ಬೇಕಾಗಿರುವುದು ಒಂದೇ ಸಂಗತಿಯೇ? ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ತಪ್ಪುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ‘ವೈ’ ಧಾರಾಳವಾಗಿ ಬಳಸಿ. ಒಂದಕ್ಕೆ ಇಲ್ಲ ಎಂದು ಬಂದರೂ ಬೇರೆ ಪದ ಹುಡುಕುವುದು ಮೇಲು.

ಉದಾಹರಣೆಗೆ, ಮೂವತ್ತೈದು ಅಂಕ ಬಂದರೆ ಯಾರು ಬೇಕಾದರೂ ಪಾಸಾಗುವ ಪರೀಕ್ಷೆಗೆ ವಿದ್ಯಾರ್ಥಿಗಳು ‘ವೈ’ ಮಾಡುವುದಿಲ್ಲ. ಒಬ್ಬ ಪಾಸಾದದ್ದರಿಂದ ಇನ್ನೊಬ್ಬ ಫೇಲಾಗುವುದಿಲ್ಲವಲ್ಲ. ಅದೇ ಪರೀಕ್ಷೆಯ ಮೊದಲ ರ‍್ಯಾಂಕಿಗೆ ‘ವೈ’ ಸರಿಹೊಂದುತ್ತದೆ. ಹಾಗೆಯೇ ‘ನಿನ್ನೆಗಿಂತ ಇವತ್ತು ಚೆನ್ನಾಗಿ ಮಾಡಬೇಕೆಂದು ಹೆಣಗುತ್ತಿದ್ದೇನೆ’ ಎನ್ನುವುದಕ್ಕೂ ಇದು ಆಗದು. ಅಲ್ಲಿ ಎದುರಾಳಿಯೇ ಇಲ್ಲ. ಅದಕ್ಕೆ ‘ಸ್ಟ್ರೈವ್’ ಇದೆ. ‘ವೈ’ ಮತ್ತು ‘ಸ್ಟ್ರೈವ್’ ಪ್ರಾಸದಂತೆ ಕೇಳಿಸುವುದರಿಂದಲೋ ಏನೋ, ಕಲಿಯುವವರು ಇವೆರಡನ್ನು ಅದಲುಬದಲು ಮಾಡುವುದು ಸಾಮಾನ್ಯ.

ಇನ್ನೊಂದು ಮಾತು. ‘ವೈ’ ಫಲಿತಾಂಶವನ್ನು ಹೇಳುವುದಿಲ್ಲ. ‘ಅವಳು ಅಧ್ಯಕ್ಷ ಸ್ಥಾನಕ್ಕೆ ವೈಡ್’ ಎಂದರೆ ಪ್ರಯತ್ನಿಸಿದಳು ಎಂದಷ್ಟೇ. ಗೆದ್ದಳೋ ಸೋತಳೋ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕು. ಹೀಗಾಗಿ ಕನ್ನಡದ ‘ಒಳ್ಳೇ ಪೈಪೋಟಿ ಕೊಟ್ಟ’ ಎಂಬ ಮಾತಿಗೆ ‘ವೈ’ ಸಮಾನವಲ್ಲ. ಪೈಪೋಟಿ ಕೊಟ್ಟ ಎಂದಾಗ ಸರಿಸಮಕ್ಕೆ ಬಂದ, ಸುಲಭಕ್ಕೆ ಸೋಲಲಿಲ್ಲ ಎಂಬ ಮೆಚ್ಚುಗೆ ಅದರಲ್ಲಿ ಸೇರಿರುತ್ತದೆ. ಆ ಮೆಚ್ಚುಗೆ ‘ವೈ’ಯಲ್ಲಿ ಇಲ್ಲ.

ಉಚ್ಚಾರ: ತುಟಿಯ ಕೆಲಸ

ಕನ್ನಡ ಲಿಪಿಯಲ್ಲಿ ಬರೆದರೆ ಈ ಕ್ರಿಯಾಪದ, ‘ಏಕೆ’ ಎಂಬ ಪ್ರಶ್ನೆಯ ಪದ, ಇಂಗ್ಲಿಷ್ ವರ್ಣಮಾಲೆಯ ಇಪ್ಪತ್ತೈದನೆಯ ಅಕ್ಷರ ಮೂರೂ ‘ವೈ’ಯೇ. ಇಂಗ್ಲಿಷ್ ಕಿವಿಗೆ ಹಾಗಲ್ಲ. ಕ್ರಿಯಾಪದ ‘ವಿ’ ಅಕ್ಷರದ ಸದ್ದಿನಿಂದ ಶುರುವಾಗುತ್ತದೆ, ಉಳಿದೆರಡು ‘ಡಬ್ಲ್ಯೂ’ ಸದ್ದಿನಿಂದ. ನಮ್ಮ ವ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಹಾಗಾಗಿ ಕನ್ನಡಿಗರು ಹೇಳಿದ ‘ವೈಡ್’ ಎಂಬುದು ಕೆಲವರಿಗೆ ‘ಅಗಲ’ ಎಂಬರ್ಥದ ಪದದಂತೆಯೂ, ‘ವೈಜ಼್’ ಎಂಬುದು ‘ಜಾಣ’ ಎಂಬರ್ಥದ ಪದದಂತೆಯೂ ಕೇಳಿಸಿಬಿಡುತ್ತದೆ.

ಬಿಡಿಸಿಕೊಳ್ಳುವ ದಾರಿ ಸುಲಭ. ‘ಫ್ಯಾನ್’ ಎನ್ನುವಾಗಿನ ಮೊದಲ ಸದ್ದನ್ನು ಹಿಡಿಯಿರಿ. ಕನ್ನಡದ ಮಹಾಪ್ರಾಣ ಫ ಅಲ್ಲ, ಇಂಗ್ಲಿಷಿನ ಎಫ್. ಮೇಲಿನ ಹಲ್ಲು ಕೆಳತುಟಿಯ ಒಳ ಅಂಚಿಗೆ ತಾಗಿರಬೇಕು, ಉಸಿರು ಅವೆರಡರ ನಡುವಿನಿಂದ ಸೋರಬೇಕು. ಬಾಯಿಯನ್ನು ಹಾಗೇ ಇಟ್ಟುಕೊಂಡು ಗಂಟಲಿನಿಂದ ಸ್ವರ ಹೊರಡಿಸಿ. ತುಟಿಯಲ್ಲಿ ಕಚಗುಳಿಯಂತೆ ಕಂಪನವೆದ್ದರೆ ಅದೇ ‘ವಿ’ಯ ಸದ್ದು. ಅದನ್ನು ಎರಡು ಸೆಕೆಂಡು ಎಳೆದು, ಬಿಡುತ್ತಲೇ ‘ಐ’ ಹೇಳಿ. ಇನ್ನು ‘ಏಕೆ’ ಎಂಬರ್ಥದ ಪದಕ್ಕೆ ಹಲ್ಲಿನ ಕೆಲಸವೇ ಇಲ್ಲ. ಸೀಟಿ ಊದಲು ಹೊರಟವರಂತೆ ತುಟಿ ಗುಂಡಗೆ ಮಾಡಿ ‘ಉ’ದಿಂದ ‘ಐ’ಗೆ ಜಾರಿದರೆ ಆಯಿತು. ಕನ್ನಡಿ ಮುಂದೆ ನಿಂತು ಎರಡನ್ನೂ ಒಂದರ ಹಿಂದೆ ಒಂದು ಹೇಳಿ. ಒಂದರಲ್ಲಿ ಹಲ್ಲು ಕಾಣಬೇಕು, ಇನ್ನೊಂದರಲ್ಲಿ ತುಟಿ ಮುಂದೆ ಚಾಚಬೇಕು. ಎರಡರಲ್ಲೂ ಬಾಯಿ ಒಂದೇ ಥರ ಕಂಡರೆ ವ್ಯತ್ಯಾಸ ಇನ್ನೂ ಬಂದಿಲ್ಲ ಎಂದೇ ಅರ್ಥ.

ಕೊನೆಯ ಸದ್ದಿನಲ್ಲೂ ಒಂದು ಎಚ್ಚರ ಬೇಕು. ಹಿ, ಶಿ, ಇಟ್ ಜೊತೆ ಬರುವ ವರ್ತಮಾನ ರೂಪ ‘ವೈಜ಼್’ ಕೊನೆಯಾಗುವುದು ‘ಪ್ರೈಜ಼್’ನಲ್ಲಿರುವ ಸದ್ದಿನಿಂದ. ಅದನ್ನು ‘ವೈಸ್’ ಎಂದರೆ ದುಶ್ಚಟ ಎಂಬರ್ಥದ ಪದವಾಗುತ್ತದೆ. ‘ವೈಯಿಂಗ್’ನಲ್ಲಿ ಎರಡು ಉಚ್ಚಾರದ ತುಣುಕುಗಳಿವೆ, ಒತ್ತು ಮೊದಲನೆಯದರ ಮೇಲೆ. ‘ವೈಡ್’ ಒಂದೇ ತುಣುಕು. ಅದನ್ನು ‘ವೈ-ಎಡ್’ ಎಂದು ಒಡೆದು ಹೇಳುವುದಿಲ್ಲ.

ಕಾಗುಣಿತ: ಐ-ಇ ಹೋಗಿ ವೈ ಅಕ್ಷರ ಬರುವ ಜಾಗ

ಮೂಲರೂಪ ವಿ-ಐ-ಇ. ವರ್ತಮಾನದಲ್ಲಿ ಹಿ, ಶಿ, ಇಟ್ ಜೊತೆ ಬಂದಾಗ ಕೊನೆಯಲ್ಲಿ ಎಸ್ ಸೇರಿಸಿ: ವಿ-ಐ-ಇ-ಎಸ್. ಭೂತಕಾಲಕ್ಕೆ ಡಿ ಮಾತ್ರ ಸೇರಿಸಿ: ವಿ-ಐ-ಇ-ಡಿ. ಇ ಆಗಲೇ ಇರುವುದರಿಂದ ಇನ್ನೊಂದು ಇ ಬೇಡ. ‘ಐಎನ್‌ಜಿ’ ಸೇರಿಸುವಾಗ ಮಾತ್ರ ಐ-ಇ ಎರಡೂ ಬಿದ್ದುಹೋಗಿ ಅವುಗಳ ಜಾಗಕ್ಕೆ ವೈ ಅಕ್ಷರ ಬರುತ್ತದೆ: ವಿ-ವೈ-ಐ-ಎನ್-ಜಿ.

ಇದು ಈ ಪದದ ವಿಚಿತ್ರವಲ್ಲ. ಸಾಯು ಎಂಬರ್ಥದ ‘ಡೈ’, ಸುಳ್ಳು ಹೇಳು ಅಥವಾ ಮಲಗು ಎಂಬರ್ಥದ ‘ಲೈ’, ಕಟ್ಟು ಎಂಬರ್ಥದ ‘ಟೈ’ ಎಲ್ಲವೂ ಇದೇ ಹಾದಿ ಹಿಡಿಯುತ್ತವೆ. ಐ, ಇ, ಐ ಎಂದು ಮೂರು ಸ್ವರಾಕ್ಷರ ಸಾಲಾಗಿ ಕೂತರೆ ಕಣ್ಣಿಗೆ ತೊಡಕು ಎಂಬುದೇ ಈ ಬದಲಾವಣೆಗೆ ಕಾರಣ ಎಂದುಕೊಂಡರೆ ನೆನಪಿಡಲು ಸುಲಭ. ನಾಲ್ಕನ್ನೂ ಒಟ್ಟಿಗೆ ಬರೆದು ಕಲಿಯಿರಿ, ಒಂದು ನೆನಪಿದ್ದರೆ ಉಳಿದ ಮೂರು ತಾವಾಗಿ ಬರುತ್ತವೆ.

ತಪ್ಪು ಆಗುವುದು ಎರಡು ದಿಕ್ಕಿನಲ್ಲಿ. ಕೆಲವರು ‘ವೈಯಿಂಗ್’ನಲ್ಲಿ ಇ ಉಳಿಸಿಕೊಂಡು ವಿ-ಐ-ಇ-ಐ-ಎನ್-ಜಿ ಎಂದು ಬರೆಯುತ್ತಾರೆ. ಇನ್ನು ಕೆಲವರು ‘ವೈಯಿಂಗ್’ನಲ್ಲಿ ವೈ ಅಕ್ಷರ ನೋಡಿದವರೇ ಭೂತಕಾಲವನ್ನೂ ವಿ-ವೈ-ಇ-ಡಿ ಮಾಡಿಬಿಡುತ್ತಾರೆ. ಎರಡೂ ತಪ್ಪು. ಬಟ್ಟೆಗೆ ಬಣ್ಣ ಹಾಕು ಎಂಬರ್ಥದ ‘ಡೈ’ ಈ ಗುಂಪಿಗೆ ಸೇರಿದ್ದಲ್ಲ. ಅದರ ಮೂಲದಲ್ಲೇ ವೈ ಅಕ್ಷರ ಇದೆ, ‘ಐಎನ್‌ಜಿ’ ಸೇರಿದಾಗ ಇ ಉಳಿಯುತ್ತದೆ. ‘ಮಾರ್ಗವಾಗಿ’ ಎಂಬರ್ಥದ ‘ವಯಾ’ದಲ್ಲಿ ಕೊನೆಯ ಅಕ್ಷರ ಎ. ಅವಸರದಲ್ಲಿ ಟೈಪ್ ಮಾಡುವಾಗ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ, ಎರಡೂ ಸರಿಯಾದ ಪದಗಳಾದ್ದರಿಂದ ಸ್ಪೆಲ್‌ಚೆಕ್ ಬಾಯಿ ಬಿಡುವುದಿಲ್ಲ.

ವಾಕ್ಯ ಕಟ್ಟುವುದು: ವಿಭಕ್ತಿ ಹಿಡಿದು ಹೋಗಿ

ನಿಜವಾದ ಕಷ್ಟ ಇರುವುದು ಇಲ್ಲಿ. ‘ವೈ’ ಅಕರ್ಮಕ ಕ್ರಿಯಾಪದ. ‘ಬಹುಮಾನವನ್ನು ಗೆದ್ದ’ ಎಂಬಂತೆ ನೇರ ಕರ್ಮ ಇಟ್ಟುಕೊಳ್ಳುವುದಿಲ್ಲ. ಗುರಿಯನ್ನೋ ಎದುರಾಳಿಯನ್ನೋ ಹೇಳಬೇಕಾದರೆ ನಡುವೆ ಒಂದು ಪ್ರಿಪೊಸಿಷನ್ ಬರಲೇಬೇಕು. ಯಾವುದು ಎಂಬುದನ್ನು ಕನ್ನಡ ವಾಕ್ಯವೇ ತೋರಿಸಿಕೊಡುತ್ತದೆ. ಆದರೆ ಪ್ರತ್ಯಯವನ್ನು ಕಣ್ಣುಮುಚ್ಚಿ ಅನುವಾದಿಸಿದರೆ ಕೆಡುತ್ತದೆ.

ಈ ವಾಕ್ಯ ತೆಗೆದುಕೊಳ್ಳಿ: ‘ಆ ಒಂದೇ ಹುದ್ದೆಗೆ ನಲವತ್ತು ಮಂದಿ ಪೈಪೋಟಿ ನಡೆಸಿದ್ದಾರೆ.’

ಮೊದಲು ‘ನಡೆಸು’ ಎಂಬುದನ್ನು ಬದಿಗಿಡಿ. ಕನ್ನಡದಲ್ಲಿ ಪೈಪೋಟಿ ನಾಮಪದ, ಅದಕ್ಕೆ ನಡೆಸು, ಮಾಡು, ಕೊಡು ಯಾವುದಾದರೂ ಒಂದು ಊರುಗೋಲು ಬೇಕು. ‘ವೈ’ ತಾನೇ ಕ್ರಿಯಾಪದ, ಊರುಗೋಲು ಬೇಡ. ‘ಡೂಯಿಂಗ್ ವೈ’, ‘ಗಿವ್ ವೈ’ ಎಂಬವು ಇಲ್ಲ. ಆಮೇಲೆ ಪೈಪೋಟಿ ಮಾಡುವವರನ್ನು ಮುಂದೆ ತನ್ನಿ: ‘ಫಾರ್ಟಿ ಪೀಪಲ್’. ಈಗ ನಡೆಯುತ್ತಿರುವ ಸಂಗತಿಯಾದ್ದರಿಂದ ‘ಆರ್ ವೈಯಿಂಗ್’. ಕೊನೆಗೆ ‘ಹುದ್ದೆಗೆ’. ಇಲ್ಲೇ ಎಡವುವುದು. ಚತುರ್ಥಿಯ ‘ಗೆ’ ಅಥವಾ ‘ಕ್ಕೆ’ ಕಂಡ ತಕ್ಷಣ ಕೈ ‘ಟು’ ಬರೆಯುತ್ತದೆ. ಆದರೆ ಈ ‘ಗೆ’ಯನ್ನು ಹಿಗ್ಗಿಸಿ ನೋಡಿ: ‘ಹುದ್ದೆಗಾಗಿ’ ಎಂದರೂ ಅರ್ಥ ಕೆಡುವುದಿಲ್ಲ. ‘ಗಾಗಿ’, ‘ಕ್ಕಾಗಿ’ ಎಂದು ಹಿಗ್ಗಿಸಲು ಆಗುವುದಾದರೆ ಅಲ್ಲಿ ಬರಬೇಕಾದದ್ದು ‘ಫಾರ್’. ಒಟ್ಟು ವಾಕ್ಯ ಹೀಗೆ: ‘ಫಾರ್ಟಿ ಪೀಪಲ್ ಆರ್ ವೈಯಿಂಗ್ ಫಾರ್ ದಟ್ ಒನ್ ಪೋಸ್ಟ್.’

ಎದುರಾಳಿಯನ್ನು ಹೇಳಬೇಕಾದರೆ ‘ವಿತ್’. ಕನ್ನಡದ ‘ಜೊತೆ’, ‘ಒಂದಿಗೆ’ ಇದಕ್ಕೆ ಸರಿಯಾಗಿ ಹೊಂದುತ್ತವೆ. ನಾವೂ ‘ಅವರ ಜೊತೆ ಜಗಳ’, ‘ಅವರೊಂದಿಗೆ ಪೈಪೋಟಿ’ ಎನ್ನುತ್ತೇವಲ್ಲ. ಈ ‘ವಿತ್’ ಒಡನಾಡಿಯನ್ನು ತೋರಿಸುವುದಿಲ್ಲ, ಎದುರಿಗೆ ನಿಂತವರನ್ನು ತೋರಿಸುತ್ತದೆ. ಇಬ್ಬರು ಸೇರಿ ಮೂರನೆಯವರ ವಿರುದ್ಧ ಸೆಣಸುತ್ತಿದ್ದಾರೆ ಎನ್ನಬೇಕಿದ್ದರೆ ‘ವಿತ್’ ಹಾಕಿದರೆ ಅರ್ಥವೇ ತಿರುಗುಮುರುಗಾಗುತ್ತದೆ. ‘ಟುಗೆದರ್’ ಎಂದೋ ‘ಅಲಾಂಗ್‌ಸೈಡ್’ ಎಂದೋ ಬಿಡಿಸಿ ಹೇಳಿ. ‘ವಿರುದ್ಧ’ ಎಂದುಕೊಂಡು ‘ಅಗೆನ್ಸ್ಟ್’ ಬರೆಯುವವರೂ ಇದ್ದಾರೆ, ಅಲ್ಲಲ್ಲಿ ಅಚ್ಚಿನಲ್ಲೂ ಕಾಣುತ್ತದೆ. ‘ವಿತ್’ ಬರೆದರೆ ಯಾರೂ ತಪ್ಪು ಹುಡುಕುವುದಿಲ್ಲ.

ಎದುರಾಳಿ, ಗುರಿ ಎರಡೂ ಬೇಕಾದಾಗ ಎದುರಾಳಿ ಮೊದಲು, ಗುರಿ ಆಮೇಲೆ: ‘ಎ ಈಸ್ ವೈಯಿಂಗ್ ವಿತ್ ಬಿ ಫಾರ್ ದ ಟ್ರೋಫಿ.’ ಎದುರಾಳಿಗಳ ಪಟ್ಟಿ ಉದ್ದವಾಗಿದ್ದರೆ ಗುರಿಯನ್ನು ಮೊದಲು ಹೇಳಿ ಮುಗಿಸಿ, ಪಟ್ಟಿಯನ್ನು ಕೊನೆಗೆ ತನ್ನಿ. ಇಲ್ಲವಾದರೆ ಓದುಗ ‘ಫಾರ್’ ತಲುಪುವಷ್ಟರಲ್ಲಿ ವಾಕ್ಯದ ತಲೆ ಮರೆತಿರುತ್ತಾನೆ.

ಗುರಿ ವಸ್ತುವಲ್ಲದೆ ಒಂದು ಕೆಲಸವಾಗಿದ್ದರೆ ‘ಟು’ ಮತ್ತು ಕ್ರಿಯಾಪದದ ಮೂಲರೂಪ ಬರುತ್ತದೆ. ಕನ್ನಡದ ‘ಲು’ ಪ್ರತ್ಯಯಕ್ಕೆ ಇದು ಸಮ: ‘ತಲುಪಲು’, ‘ಗೆಲ್ಲಲು’, ‘ಕೊಳ್ಳಲು’. ಇತಿಹಾಸದಿಂದ ಒಂದು ಉದಾಹರಣೆ ನೋಡೋಣ. 1911ರಲ್ಲಿ ನಾರ್ವೆಯ ಅಮುಂಡ್ಸೆನ್ ಮತ್ತು ಬ್ರಿಟನ್ನಿನ ಸ್ಕಾಟ್ ದಕ್ಷಿಣ ಧ್ರುವವನ್ನು ಮೊದಲು ಮುಟ್ಟಲು ಸೆಣಸಿದರು. ಅಮುಂಡ್ಸೆನ್ ತಂಡ 1911ರ ಡಿಸೆಂಬರ್ 14ರಂದು ತಲುಪಿತು, ಸ್ಕಾಟ್ ತಂಡ ಬಂದದ್ದು 1912ರ ಜನವರಿ 17ರಂದು. ಇದನ್ನು ‘ಅಮುಂಡ್ಸೆನ್ ಅಂಡ್ ಸ್ಕಾಟ್ ವೈಡ್ ಟು ರೀಚ್ ದ ಸೌತ್ ಪೋಲ್ ಫಸ್ಟ್’ ಎನ್ನಬಹುದು. ಇದೇ ಸಂಗತಿಯನ್ನು ‘ಸ್ಕಾಟ್ ವೈಡ್ ವಿತ್ ಅಮುಂಡ್ಸೆನ್ ಟು ರೀಚ್…’ ಎಂದೂ ತಿರುಗಿಸಬಹುದು. ಯಾರ ಕಡೆಯಿಂದ ಕಥೆ ಹೇಳುತ್ತೀರಿ ಎಂಬುದಷ್ಟೇ ಬದಲಾಗುತ್ತದೆ.

ಗುರಿ ವಸ್ತುವಾದರೆ ಹೇಗೆ ಎಂಬುದಕ್ಕೆ ಅಂತರಿಕ್ಷದ ಪೈಪೋಟಿ ಒಳ್ಳೆಯ ಮಾದರಿ. ಸೋವಿಯತ್ ಒಕ್ಕೂಟ 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿಸಿತು, ಅಮೆರಿಕದ ಗಗನಯಾತ್ರಿಗಳು 1969ರ ಜುಲೈನಲ್ಲಿ ಚಂದ್ರನ ಮೇಲೆ ಇಳಿದರು. ಈ ನಡುವಿನ ವರ್ಷಗಳ ಬಗ್ಗೆ ‘ದ ಟು ಕಂಟ್ರೀಸ್ ವೈಡ್ ಫಾರ್ ಸುಪ್ರಿಮಸಿ ಇನ್ ಸ್ಪೇಸ್’ ಎಂದರೆ ವಾಕ್ಯ ಸರಿ. ಇಲ್ಲಿ ‘ಇನ್’ ಬಂದಿರುವುದು ಮೇಲುಗೈ ಯಾವ ಕ್ಷೇತ್ರದಲ್ಲಿ ಎಂದು ಹೇಳಲು, ‘ವೈ’ಗೆ ಅಂಟಿಕೊಂಡು ಬಂದದ್ದಲ್ಲ. ‘ವೈಡ್ ಇನ್ ದ ರನ್ನಿಂಗ್ ರೇಸ್’ ಎಂಬುದು ಕಿವಿಗೆ ಒಗ್ಗುವುದಿಲ್ಲ. ಪಂದ್ಯದಲ್ಲಿ ಭಾಗವಹಿಸಿದರು ಎನ್ನಲು ‘ಕಂಪೀಟೆಡ್ ಇನ್’, ಆ ಪಂದ್ಯದ ಚಿನ್ನಕ್ಕೆ ಸೆಣಸಿದರು ಎನ್ನಲು ‘ವೈಡ್ ಫಾರ್’.

ಕರ್ತೃ ಒಬ್ಬರೇ ಇದ್ದರೆ? ‘ಶಿ ಈಸ್ ವೈಯಿಂಗ್ ಫಾರ್ ಎ ಥರ್ಡ್ ಟರ್ಮ್’ ಎಂದು ಧಾರಾಳವಾಗಿ ಬರೆಯಬಹುದು. ಎದುರಾಳಿಗಳು ಇದ್ದಾರೆ ಎಂಬುದನ್ನು ಓದುಗ ಊಹಿಸಿಕೊಳ್ಳುತ್ತಾನೆ. ಆದರೆ ‘ಶಿ ಈಸ್ ವೈಯಿಂಗ್’ ಎಂದಷ್ಟೇ ಬರೆದು ನಿಲ್ಲಿಸಿದರೆ ವಾಕ್ಯ ಅರ್ಧಕ್ಕೆ ನಿಂತ ಹಾಗಾಗುತ್ತದೆ. ಫಾರ್, ವಿತ್, ಟು ಇವುಗಳಲ್ಲಿ ಒಂದಾದರೂ ಬಂದರೆ ಮಾತ್ರ ‘ವೈ’ಗೆ ಕಾಲು.

ಕರ್ಮ ಇಲ್ಲದ್ದರಿಂದ ಕರ್ಮಣಿ ಪ್ರಯೋಗವೂ ಇಲ್ಲ. ‘ದ ಪ್ರೈಜ಼್ ವಾಸ್ ವೈಡ್ ಬೈ ಟೆನ್ ಟೀಮ್ಸ್’ ತಪ್ಪು. ‘ಟೆನ್ ಟೀಮ್ಸ್ ವೈಡ್ ಫಾರ್ ದ ಪ್ರೈಜ಼್’ ಎಂದು ತಿರುಗಿಸಿ. ಪ್ರಶಸ್ತಿಯಿಂದಲೇ ವಾಕ್ಯ ಶುರುವಾಗಬೇಕೆಂಬ ಹಟವಿದ್ದರೆ ‘ವಾಸ್ ಹಾಟ್ಲಿ ಕಂಟೆಸ್ಟೆಡ್’ ಎಂಬ ಸಿದ್ಧ ನುಡಿಗಟ್ಟು ಇದೆ.

ಕಾಲ: ನಡೆಯುತ್ತಿರುವುದೇ ಹೆಚ್ಚು

ಈ ಕ್ರಿಯಾಪದ ಹೆಚ್ಚಾಗಿ ಕಾಣಿಸಿಕೊಳ್ಳುವುದು ‘ವೈಯಿಂಗ್’ ರೂಪದಲ್ಲಿ. ಪೈಪೋಟಿ ಇನ್ನೂ ಮುಗಿದಿಲ್ಲ ಎಂಬುದೇ ಸುದ್ದಿಯಾದ್ದರಿಂದ ‘ಈಸ್ ವೈಯಿಂಗ್’, ‘ಆರ್ ವೈಯಿಂಗ್’ ಸಹಜ. ಸಾಮಾನ್ಯ ವರ್ತಮಾನ ಬರುವುದು ಸದಾ ನಡೆಯುವ ಸಂಗತಿಗಳಿಗೆ: ಕಾಡಿನ ಗಿಡಗಳು ಬೆಳಕಿಗಾಗಿ ‘ವೈ’, ಗಂಡುಹಕ್ಕಿಗಳು ಸಂಗಾತಿಗಾಗಿ ‘ವೈ’. ಬಹಳ ಕಾಲದಿಂದ ನಡೆಯುತ್ತಾ ಬಂದಿರುವುದಕ್ಕೆ ‘ಹ್ಯಾವ್ ಬೀನ್ ವೈಯಿಂಗ್ ಫಾರ್ ಇಯರ್ಸ್’. ಇಲ್ಲಿ ಒಂದೇ ವಾಕ್ಯದಲ್ಲಿ ಎರಡು ‘ಫಾರ್’ ಬರುವ ಸಾಧ್ಯತೆ ಇದೆ, ಒಂದು ಗುರಿಗೆ, ಒಂದು ಅವಧಿಗೆ. ವ್ಯಾಕರಣ ಸರಿಯಿದ್ದರೂ ಓದು ತೊಡರುತ್ತದೆ. ಅವಧಿಯನ್ನು ವಾಕ್ಯದ ಆರಂಭಕ್ಕೆ ಒಯ್ದರೆ ನೇರವಾಗುತ್ತದೆ.

ತಲೆಬರಹ ಓದುವಾಗ

ತಲೆಬರಹ ಬರೆಯುವವರಿಗೆ ‘ವೈ’ ಎಂದರೆ ಪ್ರಾಣ. ‘ಕಂಪೀಟ್’ಗೆ ಏಳು ಅಕ್ಷರ ಬೇಕು, ‘ವೈ’ಗೆ ಮೂರು ಸಾಕು. ಕಾಲಂ ಅಗಲ ಕಡಿಮೆಯಿದ್ದಷ್ಟೂ ಇದಕ್ಕೆ ಬೆಲೆ ಹೆಚ್ಚು. ತಲೆಬರಹದಲ್ಲಿ ‘ಆರ್’, ‘ದ’ ಎಲ್ಲ ಕತ್ತರಿಸಿ ಹೋಗಿರುತ್ತವೆ ಎಂಬುದು ನೆನಪಿರಲಿ. ‘ಟು ವೈ ಫಾರ್ ಟಾಪ್ ಜಾಬ್’ ಎಂದು ಕಿವಿಗೆ ಬಿದ್ದರೆ ಎರಡು ಅರ್ಥ ಸಾಧ್ಯ: ‘ಇಬ್ಬರು ಸೆಣಸುತ್ತಿದ್ದಾರೆ’ ಮತ್ತು ‘ಸೆಣಸಲಿದ್ದಾರೆ’. ಅಚ್ಚಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಟಿ-ಡಬ್ಲ್ಯೂ-ಓ ಎಂದಿದ್ದರೆ ಅದು ಎರಡು ಎಂಬ ಸಂಖ್ಯೆ, ಪೈಪೋಟಿ ಈಗಲೇ ನಡೆದಿದೆ. ‘ಸಿಕ್ಸ್ ಟು ವೈ ಫಾರ್…’ ಎಂದು ನಡುವೆ ಟಿ-ಓ ಬಂದಿದ್ದರೆ ಅದು ಭವಿಷ್ಯ, ಪೈಪೋಟಿ ಇನ್ನು ಶುರುವಾಗಬೇಕು. ‘ಫೈವ್ ವೈಯಿಂಗ್ ಫಾರ್…’ ಎಂದಿದ್ದರೆ ‘ಆರ್’ ಬಿದ್ದುಹೋದ ವರ್ತಮಾನ.

ಅಕ್ಕಪಕ್ಕದ ಪದಗಳು

‘ವೈ’ಗೆ ನಾಮಪದದ ರೂಪ ಬಳಕೆಯಲ್ಲಿಲ್ಲ, ಗುಣವಾಚಕವೂ ಇಲ್ಲ. ‘ಪೈಪೋಟಿ’ ಎಂಬ ನಾಮಪದ ಬೇಕಾದಾಗ ‘ಕಾಂಪಿಟಿಷನ್’ ಅಥವಾ ‘ರೈವಲ್ರಿ’, ಪೈಪೋಟಿ ನಡೆಸುವವರನ್ನು ಹೇಳಲು ‘ಕಂಪೆಟಿಟರ್’, ‘ಕಂಟೆಂಡರ್’, ‘ರೈವಲ್’ ಇವುಗಳಿಂದಲೇ ಸಾಲ ತರಬೇಕು. ಈ ಬಂಧುಗಳಲ್ಲಿ ಒಬ್ಬೊಬ್ಬರದೂ ಒಂದೊಂದು ಸ್ವಭಾವ.

‘ಕಂಪೀಟ್’ ಎಲ್ಲಕ್ಕಿಂತ ಅಗಲವಾದ ಪದ, ಮಾತಿಗೂ ಬರಹಕ್ಕೂ ಒಗ್ಗುತ್ತದೆ. ಫಾರ್, ವಿತ್, ಅಗೆನ್ಸ್ಟ್, ಇನ್ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ಅನುಮಾನ ಬಂದಾಗ ‘ವೈ’ ಬಿಟ್ಟು ಇದನ್ನೇ ಹಿಡಿಯಿರಿ. ‘ಕಂಪ್ಲೀಟ್’ ಜೊತೆ ಬೆರೆಸಬೇಡಿ. ಒಂದು ಎಲ್ ಹೆಚ್ಚಾದರೆ ‘ಮುಗಿಸು’ ಎಂದಾಗುತ್ತದೆ.

‘ಕಂಟೆಂಡ್’ ಮೋಸಗಾರ. ‘ಕಂಟೆಂಡ್ ಫಾರ್’ ಎಂದರೆ ‘ವೈ ಫಾರ್’ಗೆ ಬಹಳ ಹತ್ತಿರ. ಆದರೆ ‘ಕಂಟೆಂಡ್ ವಿತ್’ ಎಂದರೆ ಹೆಚ್ಚಾಗಿ ‘ಕಷ್ಟವನ್ನು ಎದುರಿಸು, ನಿಭಾಯಿಸು’: ಮಳೆ, ಸದ್ದು, ಹಣದ ಅಭಾವ. ‘ಕಂಟೆಂಡ್ ದಟ್’ ಎಂದರೆ ‘ಹೀಗೆಂದು ವಾದಿಸು’. ಪ್ರಿಪೊಸಿಷನ್ ಬದಲಾದ ಮಾತ್ರಕ್ಕೆ ಅರ್ಥ ಇಷ್ಟು ದೂರ ಹೋಗುತ್ತದೆ. ‘ವೈ’ಯಲ್ಲಿ ಈ ಅಪಾಯವಿಲ್ಲ, ಯಾವ ಪ್ರಿಪೊಸಿಷನ್ ಬಂದರೂ ಪೈಪೋಟಿ ಪೈಪೋಟಿಯೇ.

ಚುನಾವಣೆಯ ಮಾತು ಬಂದಾಗ ‘ಕಂಟೆಸ್ಟ್’ ಮುಖ್ಯ. ಇದು ಸಕರ್ಮಕ: ಚುನಾವಣೆಯನ್ನು ಕಂಟೆಸ್ಟ್ ಮಾಡುವುದು, ನಡುವೆ ಪ್ರಿಪೊಸಿಷನ್ ಬೇಡ. ‘ಚುನಾವಣೆಯಲ್ಲಿ ಸ್ಪರ್ಧಿಸು’ ಎಂಬುದನ್ನು ಹಾಗೇ ತಂದು ‘ಇನ್’ ಸೇರಿಸುವ ಅಭ್ಯಾಸ ನಮ್ಮಲ್ಲಿದೆ, ತೆಗೆದುಬಿಡಿ. ಕ್ರಿಯಾಪದವಾದಾಗ ಒತ್ತು ‘ಟೆಸ್ಟ್’ ಮೇಲೆ, ನಾಮಪದವಾದಾಗ ‘ಕಾನ್’ ಮೇಲೆ. ಇದಕ್ಕೆ ‘ಒಪ್ಪದೆ ಪ್ರಶ್ನಿಸು’ ಎಂಬ ಅರ್ಥವೂ ಇದೆ. ಉಯಿಲನ್ನೋ ತೀರ್ಪನ್ನೋ ಕಂಟೆಸ್ಟ್ ಮಾಡಿದರು ಎಂದರೆ ಅದರ ಸಿಂಧುತ್ವವನ್ನು ಪ್ರಶ್ನಿಸಿದರು ಎಂದು.

‘ರೈವಲ್’ ಕ್ರಿಯಾಪದವಾದಾಗ ಸೆಣಸಾಟದ ಸುದ್ದಿಯೇ ಇಲ್ಲ. ‘ಸರಿಸಾಟಿಯಾಗು’ ಎಂದಷ್ಟೇ ಅರ್ಥ. ‘ಇದರ ರುಚಿಗೆ ಸಾಟಿಯಿಲ್ಲ’ ಎನ್ನುವಾಗ ‘ನಥಿಂಗ್ ರೈವಲ್ಸ್ ಇಟ್’. ನೇರ ಕರ್ಮ ಬರುತ್ತದೆ, ‘ವಿತ್’ ಬೇಡ. ಮೇಲೆ ಹೇಳಿದ ‘ಒಳ್ಳೇ ಪೈಪೋಟಿ ಕೊಟ್ಟ’ ಎಂಬುದಕ್ಕೆ ‘ವೈ’ಗಿಂತ ಇದು ಹತ್ತಿರ. ಈ ಪದದ ಹುಟ್ಟು ಸೊಗಸಾಗಿದೆ: ಲ್ಯಾಟಿನ್ನಿನಲ್ಲಿ ಒಂದೇ ಹಳ್ಳದ ನೀರನ್ನು ಹಂಚಿಕೊಳ್ಳುವವರನ್ನು ಸೂಚಿಸುವ ಪದದಿಂದ ಬಂದದ್ದು. ನೀರಿಗಾಗಿ ನಡೆಯುವ ಜಗಳ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

‘ವೈ’ಯ ಮೂಲ ಇನ್ನೂ ಬೇರೆ. ಆಹ್ವಾನಿಸು ಎಂಬರ್ಥದ ಲ್ಯಾಟಿನ್ ಪದ ಹಳೆಯ ಫ್ರೆಂಚಿನ ಮೂಲಕ ಹಾದು, ತಲೆಯನ್ನು, ಅಂದರೆ ಮೊದಲ ತುಣುಕನ್ನು, ಕಳೆದುಕೊಂಡು ಇಂಗ್ಲಿಷಿಗೆ ಬಂತು. ‘ಇನ್ವೈಟ್’ ಇದರ ಒಡಹುಟ್ಟು. ‘ಬಾ, ನೋಡೇಬಿಡೋಣ’ ಎಂಬ ಪಂಥಾಹ್ವಾನದ ಅರ್ಥದಿಂದ 16ನೆಯ ಶತಮಾನದಲ್ಲಿ ಇಸ್ಪೀಟಾಟದ ಮಾತಾಯಿತು: ಕೈಯಲ್ಲಿರುವ ಎಲೆಯ ಬಲದ ಮೇಲೆ ಪಣ ಒಡ್ಡುವುದು. ಅಲ್ಲಿಂದ ಇವತ್ತಿನ ಅರ್ಥ ಬೆಳೆಯಿತು. ಹೊಟ್ಟೆಕಿಚ್ಚು ಎಂಬರ್ಥದ ‘ಎನ್ವಿ’ ಇದರ ಬಂಧುವಲ್ಲ, ಕಿವಿಗೆ ಹಾಗೆ ಅನಿಸಬಹುದು ಅಷ್ಟೇ. ಬದುಕು ಎಂಬರ್ಥದ ಫ್ರೆಂಚ್ ಪದದ ಕಾಗುಣಿತವೂ ವಿ-ಐ-ಇ, ಆದರೆ ಅದನ್ನು ‘ವಿ’ ಎಂದು ಓದುತ್ತಾರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕನ್ನಡಕ್ಕೆ ತರುವಾಗ

ಎಲ್ಲ ಕಡೆ ‘ಸ್ಪರ್ಧಿಸು’ ಹಾಕಿದರೆ ಅನುವಾದ ಒಣಗುತ್ತದೆ. ಹುದ್ದೆ, ಪ್ರಶಸ್ತಿ, ಟೆಂಡರು ಎಂದಾಗ ‘ಪೈಪೋಟಿ’ ಸರಿ. ಇಬ್ಬರೇ ಬಲಾಢ್ಯರು ಇದ್ದರೆ ‘ಹಣಾಹಣಿ’ ಅಥವಾ ‘ಜಿದ್ದಾಜಿದ್ದಿ’. ‘ವೈ ವಿತ್ ಈಚ್ ಅದರ್ ಟು…’ ಎಂಬ ರಚನೆಗೆ ನಮ್ಮಲ್ಲಿ ಹೇಳಿ ಮಾಡಿಸಿದಂಥ ನುಡಿಗಟ್ಟಿದೆ: ‘ನಾ ಮುಂದು ತಾ ಮುಂದು’. ಅತಿಥಿಯನ್ನು ಉಪಚರಿಸಲು ಎಲ್ಲರೂ ನಾ ಮುಂದು ತಾ ಮುಂದು ಎಂದು ಎದ್ದರು ಎಂದರೆ ಇಂಗ್ಲಿಷ್ ವಾಕ್ಯದ ಜೀವ ಉಳಿಯುತ್ತದೆ.

ಇಂಗ್ಲಿಷಿನಲ್ಲಿ ಮನುಷ್ಯರಲ್ಲದವೂ ‘ವೈ’ ಮಾಡುತ್ತವೆ. ಮೇಜಿನ ಮೇಲೆ ಪುಸ್ತಕ, ಲ್ಯಾಪ್‌ಟಾಪ್, ಕಡತಗಳು ಜಾಗಕ್ಕಾಗಿ ‘ವೈ’, ಒಬ್ಬರ ಮನಸ್ಸಿನಲ್ಲಿ ಕೋಪವು ಕನಿಕರದೊಡನೆ ‘ವೈ’. ಇದನ್ನು ‘ಕೋಪವು ಕನಿಕರದೊಂದಿಗೆ ಸ್ಪರ್ಧಿಸಿತು’ ಎಂದರೆ ಯಾರ ಬಾಯಲ್ಲೂ ಇಲ್ಲದ ಕನ್ನಡ. ‘ಒಂದು ಕಡೆ ಕೋಪ, ಇನ್ನೊಂದು ಕಡೆ ಕನಿಕರ’ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು, ಎಳೆದಾಟ ತಾನಾಗಿ ಕಾಣುತ್ತದೆ. ಮೇಜಿನ ವಾಕ್ಯಕ್ಕೆ ‘ಇದನ್ನಿಟ್ಟರೆ ಅದಕ್ಕೆ ಜಾಗವಿಲ್ಲ’ ಎಂಬ ಧಾಟಿ ಹೊಂದುತ್ತದೆ.

ಮಾತಿನಲ್ಲಿ

‘ವೈ’ ಬರಹದ ಪದ. ವರದಿ, ಪ್ರಬಂಧ, ಕಚೇರಿಯ ಟಿಪ್ಪಣಿಯಲ್ಲಿ ಅಂದವಾಗಿ ಕೂರುತ್ತದೆ. ಕಾಫಿ ಕುಡಿಯುತ್ತಾ ಗೆಳೆಯರಿಗೆ ‘ಐ ಆಮ್ ವೈಯಿಂಗ್ ಫಾರ್ ಎ ಪ್ರಮೋಷನ್’ ಎಂದರೆ ವ್ಯಾಕರಣ ತಪ್ಪಲ್ಲ, ಆದರೆ ಪತ್ರಿಕೆ ಓದಿ ಹೇಳಿದಂತೆ ಕೇಳುತ್ತದೆ. ಅಲ್ಲಿ ‘ಐ ಆಮ್ ಗೋಯಿಂಗ್ ಫಾರ್’ ಸಾಕು. ಸಂದರ್ಶನ ಮುಗಿಸಿ ಕೊನೆಯ ಸುತ್ತಿನಲ್ಲಿ ಉಳಿದವರು ‘ಐ ಆಮ್ ಇನ್ ದ ರನ್ನಿಂಗ್ ಫಾರ್ ದ ಜಾಬ್’ ಎನ್ನಬಹುದು. ಇಬ್ಬರ ಕಣ್ಣೂ ಒಂದೇ ಮನೆಯ ಮೇಲಿದ್ದರೆ ‘ವಿ ಆರ್ ಬೋತ್ ಆಫ್ಟರ್ ದ ಸೇಮ್ ಹೌಸ್’. ಮಕ್ಕಳು ಆಟಿಕೆಗಾಗಿ ಎಳೆದಾಡುತ್ತಿದ್ದರೆ ‘ಫೈಟಿಂಗ್ ಓವರ್’. ಅಮ್ಮ ತಮ್ಮ ಕಡೆ ನೋಡಲಿ ಎಂದು ಅದೇ ಮಕ್ಕಳು ಕುಣಿಯುತ್ತಿದ್ದರೆ ಮಾತ್ರ ‘ವೈಯಿಂಗ್ ಫಾರ್ ಅಟೆನ್ಷನ್’ ಮಾತಿನಲ್ಲೂ ನಡೆಯುತ್ತದೆ, ಏಕೆಂದರೆ ಆ ಮೂರು ಪದಗಳ ಜೋಡಣೆ ಎಲ್ಲರ ಕಿವಿಗೂ ಪಳಗಿದೆ.